ಅಂಗಡಿಯವರ ಮನೆಯ ಸಿತಾರ್ ತಂತಿ



ಕಾಲೇಜು ವಾರ್ಷಿಕೋತ್ಸವದಲ್ಲಿ ಗಿಟಾರ್ ಹಿಡಿದು ವೇದಿಕೆ ಹತ್ತುವ ನಿಮ್ಮಲ್ಲಿ ಹಲವರಿಗೆ ಬೀಟಲ್ಸ್ ತಂಡದ ಹೆಸರು ಹೊಸದೇನಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಬಂದರು ಪಟ್ಟಣದಿಂದ ಬಂದ ನಾಲ್ವರು ಯುವಕರು: ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್. 1960ರ ದಶಕದಲ್ಲಿ ರಾಕ್ ಸಂಗೀತಕ್ಕೆ ಹೊಸ ದಿಕ್ಕು ತೋರಿಸಿದವರು ಇವರು. ಇವರ ‘ನಾರ್ವೀಜಿಯನ್ ವುಡ್’ ಎಂಬ ಹಾಡು ಕೇವಲ ಎರಡು ನಿಮಿಷದ್ದು. ಆದರೆ ಗಿಟಾರಿನ ಜೊತೆಜೊತೆಗೆ ಅದರಲ್ಲಿ ನಮ್ಮ ಸಿತಾರ್ ಕೇಳಿಸುತ್ತದೆ. 1965ರಲ್ಲಿ ಇದು ದೊಡ್ಡ ಸುದ್ದಿ.

ಆ ಹಾಡಿನ ಧ್ವನಿಮುದ್ರಣ ನಡೆಯುತ್ತಿದ್ದಾಗ ಸಿತಾರಿನ ಒಂದು ತಂತಿ ತುಂಡಾಯಿತು. ಆಗಿನ ಲಂಡನ್ನಿನಲ್ಲಿ ಗಿಟಾರಿನ ತಂತಿ ಯಾವ ಬೀದಿಯಲ್ಲಾದರೂ ಸಿಗುತ್ತಿತ್ತು. ಸಿತಾರಿನದು ಹಾಗಲ್ಲ. ಕೊನೆಗೆ ತಂತಿ ಬಂದದ್ದು ಆಯನ ದೇವ ಅಂಗಡಿ ಎಂಬ ಒಬ್ಬ ಕನ್ನಡಿಗರ ಮನೆಯಿಂದ. ಅಂಗಡಿ ಎಂಬ ಅಡ್ಡಹೆಸರು ಕೇಳಿದೊಡನೆ ನಿಮಗೆ ನಿಮ್ಮ ತರಗತಿಯ ಹಾಜರಿ ಪುಸ್ತಕ ನೆನಪಾಗಬಹುದು. ಹೊಸಪೇಟೆ, ಕಂಪ್ಲಿ, ಸಂಡೂರು, ಹೊಳೆಯ ಆಚೆಯ ಗಂಗಾವತಿ, ಎಲ್ಲಿ ಹುಡುಕಿದರೂ ಒಬ್ಬರಾದರೂ ಅಂಗಡಿಯವರು ಸಿಕ್ಕೇ ಸಿಗುತ್ತಾರೆ. ಈ ಅಂಗಡಿಯವರು ಹುಟ್ಟಿದ್ದು 1903ರಲ್ಲಿ, ಬಿಜಾಪುರದ ಕಡೆಯ ಜಕನೂರಿನಲ್ಲಿ.

1920ರ ದಶಕದಲ್ಲಿ ಅವರು ಲಂಡನ್ನಿಗೆ ಹೋದರು. ಆ ಕಾಲದ ಬುದ್ಧಿವಂತ ಹುಡುಗರು ಹಡಗು ಹತ್ತುತ್ತಿದ್ದುದು ಸಾಮಾನ್ಯವಾಗಿ ಐ.ಸಿ.ಎಸ್. ಪರೀಕ್ಷೆಗಾಗಿ. ಅಂಗಡಿಯವರು ಕಲೆಕ್ಟರ್ ಆಗಲಿಲ್ಲ. ಸಾಮ್ರಾಜ್ಯಶಾಹಿಯ ವಿರುದ್ಧ ಭಾಷಣ ಮಾಡುತ್ತ, ಬರೆಯುತ್ತ ಅಲ್ಲೇ ಉಳಿದರು. ಜಯದೇವ ಎಂಬ ಹೆಸರಿನಲ್ಲಿ ಪುಸ್ತಕವನ್ನೂ ಪ್ರಕಟಿಸಿದರು. 1943ರಲ್ಲಿ ಪೆಟ್ರೀಶಿಯಾ ಎಂಬ ಇಂಗ್ಲಿಷ್ ಚಿತ್ರಕಲಾವಿದೆಯನ್ನು ಮದುವೆಯಾದರು. ಶ್ರೀಮಂತ ಕೈಗಾರಿಕೋದ್ಯಮಿಯ ಮಗಳು, ಭಾರತದಿಂದ ಬಂದ ರಾಜಕೀಯ ಬರಹಗಾರನ ಕೈಹಿಡಿದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಈ ದಂಪತಿಗಳು ಯುದ್ಧ ಮುಗಿದ ಮೇಲೆ, 1946ರಲ್ಲಿ, ‘ಏಷ್ಯನ್ ಮ್ಯೂಸಿಕ್ ಸರ್ಕಲ್’ ಎಂಬ ಸಂಸ್ಥೆ ಕಟ್ಟಿದರು. ಸಂಸ್ಥೆ ಎಂದರೆ ದೊಡ್ಡ ಕಟ್ಟಡ, ಗುಮಾಸ್ತರು, ಫೈಲುಗಳು ಎಂದುಕೊಳ್ಳಬೇಡಿ. ಉತ್ತರ ಲಂಡನ್ನಿನ ಫಿಂಚ್ಲಿ ಎಂಬಲ್ಲಿದ್ದ ಅವರ ಮನೆಯೇ ಅದರ ಕಚೇರಿಯಾಯಿತು, ಅತಿಥಿಗೃಹವಾಯಿತು. ಪ್ರಸಿದ್ಧ ಪಿಟೀಲುವಾದಕ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾದರು. ರವಿಶಂಕರ್, ಅಲಿ ಅಕ್ಬರ್ ಖಾನ್ ಮುಂತಾದವರನ್ನು ಬ್ರಿಟನ್ನಿನ ಶ್ರೋತೃಗಳಿಗೆ ಪರಿಚಯಿಸುವ ಕೆಲಸದಲ್ಲಿ 1950ರ ದಶಕದಿಂದ ಈ ಮನೆ ಮುಂದಿತ್ತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರರು ಲಂಡನ್ನಿನಲ್ಲಿ ಪಾಠ ಹೇಳಿದಾಗಲೂ ಈ ದಂಪತಿಗಳ ನೆರವು ಇತ್ತು.

ಇನ್ನು ಸಿತಾರಿನ ಕಡೆಗೆ ಬರೋಣ. 1965ರ ಏಪ್ರಿಲ್‌ನಲ್ಲಿ ಬೀಟಲ್ಸ್ ‘ಹೆಲ್ಪ್’ ಎಂಬ ಚಲನಚಿತ್ರದಲ್ಲಿ ನಟಿಸುತ್ತಿದ್ದರು. ಅದರಲ್ಲಿ ಭಾರತೀಯ ಹೋಟೆಲಿನ ದೃಶ್ಯವೊಂದಿದೆ. ಆ ದೃಶ್ಯಕ್ಕೆಂದು ತಂದಿಟ್ಟ ವಾದ್ಯಗಳಲ್ಲಿ ಒಂದು ಸಿತಾರ್ ಇತ್ತು. ಹ್ಯಾರಿಸನ್ ಅದನ್ನು ಎತ್ತಿಕೊಂಡು ನೋಡಿದರು. ಕುತೂಹಲ ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ಭಾರತದ ಕರಕುಶಲ ವಸ್ತುಗಳನ್ನು ಮಾರುವ ಮಳಿಗೆಯೊಂದರಿಂದ ಸಾಧಾರಣವಾದ ಒಂದು ಸಿತಾರನ್ನು ಕೊಂಡು ತಂದರು. ಗುರುವಿಲ್ಲ, ಪಾಠವಿಲ್ಲ. ಗಿಟಾರ್ ಬಲ್ಲ ಕೈ ತಾನೇ ದಾರಿ ಹುಡುಕಿಕೊಂಡಿತು, ಅಷ್ಟೆ.

ಆ ವರ್ಷ ಅಕ್ಟೋಬರ್ 12ರಂದು ಲಂಡನ್ನಿನ ಆಬಿ ರಸ್ತೆಯ ಇ.ಎಂ.ಐ. ಸ್ಟುಡಿಯೊದಲ್ಲಿ ‘ನಾರ್ವೀಜಿಯನ್ ವುಡ್’ ಧ್ವನಿಮುದ್ರಣ ಆರಂಭವಾಯಿತು. ಹಾಡು ಬರೆದದ್ದು ಮುಖ್ಯವಾಗಿ ಜಾನ್ ಲೆನನ್. ಅಂದು ಮುದ್ರಿಸಿದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ. ಅಕ್ಟೋಬರ್ 21ರಂದು ಎಲ್ಲವನ್ನೂ ಹೊಸದಾಗಿ ಮಾಡಿದರು. ಒಟ್ಟು ಲೆಕ್ಕದಲ್ಲಿ ನಾಲ್ಕನೆಯ ಪ್ರಯತ್ನವೇ ನೀವು ಇಂದು ಕೇಳುವ ಹಾಡು. ಕೈಬಿಟ್ಟ ಮೊದಲ ಪ್ರಯತ್ನ ಬೆಳಕಿಗೆ ಬಂದದ್ದು ಮೂವತ್ತು ವರ್ಷ ಕಳೆದ ಮೇಲೆ, 1996ರಲ್ಲಿ. ಎರಡನ್ನೂ ಒಂದರ ಹಿಂದೊಂದು ಕೇಳಿ. ಮೊದಲನೆಯದರಲ್ಲಿ ಸಿತಾರ್ ಹಾಡಿನ ಮೇಲೆ ಸವಾರಿ ಮಾಡುತ್ತದೆ. ಎರಡನೆಯದರಲ್ಲಿ ಅದು ಗಿಟಾರಿನ ರಾಗವನ್ನೇ ಹಿಂಬಾಲಿಸಿ, ಹೇಳಬೇಕಾದಷ್ಟನ್ನು ಹೇಳಿ ಸುಮ್ಮನಾಗುತ್ತದೆ. ಕಲಿಕೆಯಲ್ಲಿದ್ದ ಕೈಗೆ ಎರಡನೆಯ ರೀತಿಯೇ ಹಿಡಿಸಿತು ಎಂದು ನನ್ನ ಅಭಿಪ್ರಾಯ.

ತಂತಿ ಏಕೆ ತುಂಡಾಗುತ್ತದೆ? ನಾನು ವಿಜ್ಞಾನ ಓದಿದವನು, ಇಷ್ಟು ಹೇಳದೆ ಮುಂದೆ ಹೋಗಲಾರೆ. ನಿಮ್ಮ ಪಿ.ಯು.ಸಿ. ಭೌತಶಾಸ್ತ್ರದಲ್ಲಿ ಸೋನೋಮೀಟರ್ ಪ್ರಯೋಗವಿದೆಯಲ್ಲವೆ? ತಂತಿಯ ಕಂಪನಸಂಖ್ಯೆ ಅದರ ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ ಎಂದು ಬರೆದು ಅಂಕ ಪಡೆಯುತ್ತೀರಿ. ಈಗ ಅದನ್ನೇ ಸಿತಾರಿಗೆ ಹಚ್ಚಿ ನೋಡಿ. ಹಾಡುವವನ ಕಂಠಕ್ಕೆ ಹೊಂದಲೆಂದು ವಾದ್ಯದ ಶ್ರುತಿಯನ್ನು ಷಡ್ಜದಿಂದ ಚತುಃಶ್ರುತಿ ರಿಷಭದಷ್ಟು ಏರಿಸಿದಿರಿ ಎನ್ನೋಣ. ಕಂಪನಸಂಖ್ಯೆ 9/8 ಪಟ್ಟು ಆಯಿತು. ಬಿಗಿತ ಅದರ ವರ್ಗ, ಅಂದರೆ 81/64 ಪಟ್ಟು. ಶ್ರುತಿ ಒಂದೇ ಮೆಟ್ಟಿಲು ಏರಿತು, ತಂತಿಯ ಮೇಲಿನ ಹೊರೆ ಶೇಕಡಾ 27ರಷ್ಟು ಹೆಚ್ಚಿತು! ಸಿತಾರಿನ ಉಕ್ಕಿನ ತಂತಿ ಕೂದಲಿನಂತೆ ತೆಳ್ಳಗಿರುತ್ತದೆ. ಜೊತೆಗೆ ವಾದಕ ಮೀಂಡ್ ತೆಗೆಯಲು ಅದನ್ನು ಅಡ್ಡಕ್ಕೆ ಎಳೆಯುತ್ತಾನೆ. ಹಳೆಯ ತಂತಿಯಾದರೆ ಬಿರಡೆಯನ್ನು ಇನ್ನೊಂದು ಸುತ್ತು ತಿರುಗಿಸುವಷ್ಟರಲ್ಲಿ ಕಥೆ ಮುಗಿಯುತ್ತದೆ. ಆದ್ದರಿಂದಲೇ ಬಲ್ಲ ವಾದಕರು ಚೀಲದಲ್ಲಿ ಯಾವಾಗಲೂ ಒಂದು ಸುರುಳಿ ತಂತಿ ಇಟ್ಟುಕೊಂಡಿರುತ್ತಾರೆ.

ಆ ಸ್ಟುಡಿಯೊದಲ್ಲಿ ಅಂಥ ಸುರುಳಿ ಇರಲಿಲ್ಲ. ಏಷ್ಯನ್ ಮ್ಯೂಸಿಕ್ ಸರ್ಕಲ್ಲಿಗೆ ಫೋನ್ ಹೋಯಿತು. ಅಂಗಡಿಯವರ ಮನೆಯಲ್ಲಿ ಅದೃಷ್ಟವಶಾತ್ ಸಿತಾರ್ ತಂತಿಗಳಿದ್ದವು. ತಂತಿಯನ್ನು ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ಆದರೆ ಬೀಟಲ್ಸ್ ಎಂದ ಮೇಲೆ ಮನೆಯಲ್ಲಿದ್ದ ಮಕ್ಕಳು ಬಿಟ್ಟಾರೆಯೆ? ಇಡೀ ಸಂಸಾರವೇ ಹೊರಟು ಸ್ಟುಡಿಯೊಕ್ಕೆ ಹೋಯಿತು. ಗಾಜಿನ ಈಚೆ ನಿಂತು ಧ್ವನಿಮುದ್ರಣವನ್ನು ನೋಡಿತು. ಪೆಟ್ರೀಶಿಯಾ ಅವರು ಅಲ್ಲೇ ನಾಲ್ವರ ರೇಖಾಚಿತ್ರ ಬರೆದರು. ಇದನ್ನೆಲ್ಲ ಮುಂದೆ ಅವರ ಮಗನೇ ಹೇಳಿದ್ದಾರೆ.

ತಂತಿ ಸಿಕ್ಕಿತು ಎಂದ ಮಾತ್ರಕ್ಕೆ ಕಷ್ಟ ಮುಗಿಯಲಿಲ್ಲ. ಧ್ವನಿಮುದ್ರಣದ ಎಂಜಿನಿಯರ್ ನಾರ್ಮನ್ ಸ್ಮಿತ್. ಮುಂದೆ ಪಿಂಕ್ ಫ್ಲಾಯ್ಡ್ ತಂಡದ ಮೊದಲ ಆಲ್ಬಮನ್ನು ನಿರ್ಮಿಸಿದವರೂ ಇವರೇ. ಸಿತಾರನ್ನು ಟೇಪಿಗೆ ಇಳಿಸುವುದು ಬಹಳ ತೊಂದರೆ ಕೊಟ್ಟಿತೆಂದು ಅವರು ನೆನೆದಿದ್ದಾರೆ. ಕಾರಣ ಸಿತಾರಿನ ಕುದುರೆಯಲ್ಲಿದೆ. ಪಿಟೀಲಿನ ಕುದುರೆ ಚೂಪು, ಸಿತಾರಿನದು ಅಗಲವಾದ ಹಲಗೆ. ಮಿಡಿದ ತಂತಿ ಆ ಹಲಗೆಯನ್ನು ಸವರುತ್ತ ಕಂಪಿಸುತ್ತದೆ. ನಮ್ಮ ತಂಬೂರಿಗೆ ಜೀವಾಳಿಯ ಎಳೆ ಇಟ್ಟಾಗ ಝೇಂಕಾರ ಏಳುತ್ತದಲ್ಲ, ಅದೇ ತತ್ತ್ವ. ಇದರ ಕೆಳಗೆ ಹನ್ನೊಂದೋ ಹದಿಮೂರೋ ತರಬ್ ತಂತಿಗಳು. ಇವನ್ನು ಬೆರಳು ಮುಟ್ಟುವುದಿಲ್ಲ, ಮೇಲಿನ ತಂತಿಯ ಸ್ವರಕ್ಕೆ ತಾವೇ ಅನುರಣಿಸುತ್ತವೆ. ಹೀಗಾಗಿ ಮಿಡಿದ ಕ್ಷಣದಲ್ಲಿ ಚೂಪಾದ ಒಂದು ಶಿಖರ, ಆಮೇಲೆ ಉದ್ದನೆಯ ಗುಂಗು. ಟೇಪು ಹೆದರುವುದು ಶಿಖರಕ್ಕೆ, ಕಿವಿ ಕೇಳುವುದು ಸರಾಸರಿಯನ್ನು. ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ ಧ್ವನಿ ಒಡೆಯುತ್ತಿತ್ತು, ಆದರೆ ಕೇಳುವವರಿಗೆ ಸಿತಾರ್ ಇನ್ನೂ ಸಣ್ಣಗೇ ಕೇಳುತ್ತಿತ್ತು. ಶಿಖರವನ್ನು ಮಟ್ಟಸ ಮಾಡುವ ಉಪಕರಣ, ಲಿಮಿಟರ್, ಅವರ ಬಳಿ ಇತ್ತು. ಅದನ್ನು ಹಾಕಿದರೆ ಸಿತಾರಿನ ನಾದವೇ ಹೋಗುತ್ತದೆಂದು ಸ್ಮಿತ್ ಹಾಕಲಿಲ್ಲ. ಯಂತ್ರಕ್ಕೆ ತಕ್ಕಂತೆ ವಾದ್ಯವನ್ನು ಕತ್ತರಿಸದೆ ಇರುವ ಎಂಜಿನಿಯರ್ ಸಿಗುವುದು ಎಲ್ಲ ಕಾಲಕ್ಕೂ ಅಪರೂಪ.

ಅನುರಣನವನ್ನು ನೀವೇ ನೋಡಬೇಕೆಂದರೆ ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿ ಸಾಕು. ಒಂದರ ತಂತಿಯ ಮೇಲೆ ಚಿಕ್ಕ ಕಾಗದದ ಚೂರನ್ನು ಮಡಿಸಿ ಕೂರಿಸಿ, ಇನ್ನೊಂದನ್ನು ಮೀಟಿ. ಕಾಗದ ಕುಣಿಯುತ್ತದೆ. ಹಂಪಿಯ ವಿಠಲ ದೇವಾಲಯದ ಕಂಬಗಳ ಮೇಲೆ ಮಾತ್ರ ಈ ಪ್ರಯೋಗ ಬೇಡ. ಅವನ್ನು ತಟ್ಟುವುದಕ್ಕೆ ಈಗ ನಿಷೇಧವಿದೆ, ಅದು ಒಳ್ಳೆಯದೇ. ಆ ಕಂಬಗಳೊಳಗೆ ಪೊಳ್ಳು ಇರುವುದರಿಂದ ನಾದ ಬರುತ್ತದೆಂದು ಬಹಳ ಜನ ನಂಬಿದ್ದರು. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಗಳಿಗೆ ಪೆಟ್ಟಾಗದಂಥ ವಿಧಾನಗಳಿಂದ ಪರೀಕ್ಷಿಸಿ ಅವು ಗಟ್ಟಿ ಕಲ್ಲೇ ಎಂದು ತೋರಿಸಿದರು. ಬೆರಳು ತಾಕಿದಾಗ ಆ ತೆಳ್ಳನೆಯ ಕಂಬಗಳು ಕಣ್ಣಿಗೆ ಕಾಣದಷ್ಟು ಬಾಗಿ ಕಂಪಿಸುತ್ತವೆ.

ಆ ಹಾಡು ‘ರಬ್ಬರ್ ಸೋಲ್’ ಎಂಬ ಧ್ವನಿತಟ್ಟೆಯಲ್ಲಿ 1965ರ ಡಿಸೆಂಬರ್ 3ರಂದು ಹೊರಬಂತು. ಸಿತಾರಿನ ಗೀಳು ಹರಡಿತು. ಮರುವರ್ಷ ರೋಲಿಂಗ್ ಸ್ಟೋನ್ಸ್ ತಂಡವೂ ಸಿತಾರ್ ಎತ್ತಿಕೊಂಡಿತು. ‘ರಾಗ ರಾಕ್’ ಎಂಬ ಮಾತೇ ಹುಟ್ಟಿತು. ರವಿಶಂಕರರಿಗೆ ಮಾತ್ರ ಹ್ಯಾರಿಸನ್ನರ ಈ ಮೊದಲ ವಾದನದಲ್ಲಿ ವಿಶೇಷವೇನೂ ಕಾಣಲಿಲ್ಲ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಹ್ಯಾರಿಸನ್ನರಿಗೂ ತಮ್ಮ ಮಟ್ಟ ಗೊತ್ತಿತ್ತು. ಅವರು ಅಂಗಡಿಯವರ ಮನೆಗೆ ಹೋಗಿಬರತೊಡಗಿದರು. 1966ರ ಜೂನ್‌ನಲ್ಲಿ ರವಿಶಂಕರರನ್ನು ಅವರು ಭೇಟಿಯಾದದ್ದೂ ಅದೇ ಮನೆಯಲ್ಲಿ. ಅದೇ ವರ್ಷ ಭಾರತಕ್ಕೆ ಬಂದು ಶಿಷ್ಯನಾಗಿ ಕುಳಿತರು. ತುಂಡಾದ ಒಂದು ತಂತಿ ಎಲ್ಲಿಂದ ಎಲ್ಲಿಗೆ ಕರೆದೊಯ್ಯಿತು ನೋಡಿ.

ಇಲ್ಲಿಂದ ಮುಂದಿನದು ಹೆಸರುಗಳ ಕಥೆ. ನನಗೆ ಇಡೀ ಪ್ರಸಂಗದಲ್ಲಿ ಹೆಚ್ಚು ಮುಖ್ಯವೆನಿಸುವುದು ಇದೇ.

1966ರ ಏಪ್ರಿಲ್‌ನಲ್ಲಿ ಬೀಟಲ್ಸ್ ‘ಲವ್ ಯೂ ಟು’ ಎಂಬ ಹಾಡನ್ನು ಮುದ್ರಿಸಿದರು. ಅದಕ್ಕೆ ತಬಲಾ ಬೇಕಿತ್ತು. ಅಂಗಡಿಯವರು ಅನಿಲ್ ಭಾಗವತ್ ಎಂಬ ಯುವಕನಿಗೆ ಫೋನ್ ಮಾಡಿ ಕಳಿಸಿಕೊಟ್ಟರು. ‘ರಿವಾಲ್ವರ್’ ಎಂಬ ಆ ತಟ್ಟೆಯ ಹೊದಿಕೆಯಲ್ಲಿ ಅನಿಲ್ ಭಾಗವತರ ಹೆಸರು ಅಚ್ಚಾಯಿತು. ಹೊರಗಿನ ವಾದಕರಿಗೆ ಆ ಕಾಲದಲ್ಲಿ ಇದು ಸುಲಭವಾಗಿ ದೊರೆಯುವ ಗೌರವವಾಗಿರಲಿಲ್ಲ. ಮರುವರ್ಷ, 1967ರ ಮಾರ್ಚ್‌ನಲ್ಲಿ, ‘ವಿದಿನ್ ಯೂ ವಿದೌಟ್ ಯೂ’ ಎಂಬ ಹಾಡು. ಈ ಹಾಡಿನಲ್ಲಿ ಹ್ಯಾರಿಸನ್ ಬಿಟ್ಟು ಉಳಿದ ಮೂವರು ಬೀಟಲ್ಸ್ ಇಲ್ಲವೇ ಇಲ್ಲ. ದಿಲ್‌ರುಬಾ, ತಂಬೂರಿ, ತಬಲಾ ನುಡಿಸಿದವರು ಏಷ್ಯನ್ ಮ್ಯೂಸಿಕ್ ಸರ್ಕಲ್ಲಿನ ಮೂಲಕ ಬಂದ, ಲಂಡನ್ನಿನಲ್ಲಿ ನೆಲೆಸಿದ್ದ ಭಾರತೀಯರು. ದಿಲ್‌ರುಬಾದ ಜಾರುವ ಗಮಕಗಳನ್ನು ಪಾಶ್ಚಾತ್ಯ ಪಿಟೀಲುಗಾರರೂ ನುಡಿಸುವಂತೆ ನಿರ್ಮಾಪಕ ಜಾರ್ಜ್ ಮಾರ್ಟಿನ್ ಸ್ವರಲಿಪಿ ಬರೆಯಬೇಕಾಯಿತು. ಆ ತಟ್ಟೆ ‘ಸಾರ್ಜೆಂಟ್ ಪೆಪ್ಪರ್ಸ್’ ಲಕ್ಷಾಂತರ ಮನೆಗಳಿಗೆ ಹೋಯಿತು. ಅದರ ಹೊದಿಕೆಯ ಮೇಲೆ ಹತ್ತಾರು ಪ್ರಸಿದ್ಧರ ಮುಖಗಳಿವೆ. ಹಾಡಿಗೆ ದಿಲ್‌ರುಬಾ ನುಡಿಸಿದವರ ಹೆಸರು ಒಂದು ಮೂಲೆಯಲ್ಲೂ ಇಲ್ಲ.

ಐವತ್ತು ವರ್ಷ ಹಾಗೆಯೇ ಕಳೆಯಿತು. 2017ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಅವರು ಯಾರೆಂದು ಜಗತ್ತಿಗೆ ತಿಳಿಯಿತು: ಅನ್ನಾ ಜೋಶಿ, ಅಮೃತ್ ಗಜ್ಜರ್, ಬುದ್ಧದೇವ್ ಕನ್ಸಾರಾ, ನಟವರ್ ಸೋನಿ. ಬೀಟಲ್ಸರ ಒಂದೊಂದು ಗಂಟೆಯ ದಿನಚರಿಯನ್ನೂ ಬರೆದಿಟ್ಟ ಪುಸ್ತಕಗಳು ಗ್ರಂಥಾಲಯ ತುಂಬಿವೆ. ಈ ನಾಲ್ಕು ಹೆಸರಿಗೆ ಅರ್ಧ ಶತಮಾನ ಬೇಕಾಯಿತು.

1968ರ ಜನವರಿಯಲ್ಲಿ ಹ್ಯಾರಿಸನ್ ಮುಂಬಯಿಗೇ ಬಂದರು. ಫಿರೋಜ್‌ಶಾ ಮೆಹ್ತಾ ರಸ್ತೆಯಲ್ಲಿದ್ದ ಎಚ್.ಎಂ.ವಿ. ಸ್ಟುಡಿಯೊದಲ್ಲಿ ‘ದಿ ಇನ್ನರ್ ಲೈಟ್’ ಎಂಬ ಹಾಡಿನ ವಾದ್ಯಭಾಗ ಪೂರ್ತಿ ಮುದ್ರಣವಾಯಿತು. ಕೊಳಲು ಹರಿಪ್ರಸಾದ್ ಚೌರಾಸಿಯಾ, ಸರೋದ್ ಆಶಿಷ್ ಖಾನ್. ಅಲ್ಲಿ ಒಂದೇ ಪಥದಲ್ಲಿ ಮುದ್ರಿಸುವ ಯಂತ್ರ ಮಾತ್ರ ಇದ್ದುದರಿಂದ ಎರಡು ಪಥದ ಯಂತ್ರವನ್ನು ಕಲ್ಕತ್ತದಿಂದ ರೈಲಿನಲ್ಲಿ ತರಿಸಿದರಂತೆ. ಸ್ಟುಡಿಯೊಕ್ಕೆ ಸರಿಯಾದ ಶಬ್ದತಡೆಯೂ ಇರಲಿಲ್ಲ. ಸಂಜೆ ಐದೂವರೆಗೆ ಕೆಳಗಿನ ಕಚೇರಿಗಳು ಬಿಟ್ಟರೆ ಮೆಟ್ಟಿಲಿಳಿಯುವವರ ಕಾಲಸಪ್ಪಳ ನಿಲ್ಲುವ ತನಕ ಎಲ್ಲರೂ ಕಾಯಬೇಕಿತ್ತು. ಹೊಸಪೇಟೆಯಿಂದ ಸಂಡೂರಿನ ದಾರಿ ಹಿಡಿದು ಚಿತ್ರೀಕರಣಕ್ಕೆ ಹೋದ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹಾಡುವವರು ಸಿದ್ಧ, ಯಂತ್ರ ಸಿದ್ಧ, ಅಷ್ಟರಲ್ಲಿ ಅದಿರಿನ ಲಾರಿಗಳ ಸಾಲು ಶುರುವಾಗುತ್ತದೆ. ಕೊನೆಯ ಲಾರಿ ತಿರುವು ದಾಟುವವರೆಗೆ ತಂಬೂರಿಯ ಶ್ರುತಿಯನ್ನು ಮತ್ತೆ ನೋಡಿಕೊಳ್ಳುವುದೊಂದೇ ಕೆಲಸ.

ದೂರದರ್ಶನದ ಕೆಲಸದಲ್ಲಿ ಹೆಸರುಗಳ ಗತಿ ಏನೆಂದು ನಾನು ಬಲ್ಲೆ. ಕಾರ್ಯಕ್ರಮ ಅರ್ಧ ನಿಮಿಷ ಉದ್ದವಾಯಿತೆಂದರೆ ಮೊದಲು ಕತ್ತರಿ ಬೀಳುವುದು ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಗೆ. ಮುಖ್ಯ ಗಾಯಕರ ಹೆಸರು ಉಳಿಯುತ್ತದೆ. ದಮ್ಮಡಿ ಬಡಿದವರು, ದನಿಗೂಡಿಸಿದವರು ‘ಮತ್ತು ಸಂಗಡಿಗರು’ ಆಗುತ್ತಾರೆ. ಸಂಗಡಿಗರು ಎಂಬುದು ಒಳ್ಳೆಯ ಕನ್ನಡ ಪದ. ಆದರೆ ಎಷ್ಟು ಜನರನ್ನು ಅದು ನುಂಗಿದೆಯೋ ಲೆಕ್ಕವಿಲ್ಲ.

ಸಂಡೂರು ತಾಲ್ಲೂಕಿನ ದರೋಜಿಯನ್ನೇ ತೆಗೆದುಕೊಳ್ಳಿ. ಕಂಪ್ಲಿಯಿಂದ ಅಷ್ಟೇನೂ ದೂರದ ಊರಲ್ಲ. ಹೊರಗಿನವರಿಗೆ ಇದು ಕರಡಿಧಾಮದ ಊರು. ನಮಗೆ ಬುರ್ರಕಥಾ ಈರಮ್ಮನವರ ಊರು. ಅಕ್ಷರ ಕಲಿಯದ ಈ ತಾಯಿ ತಂದೆ ಲಾಲಪ್ಪನವರಿಂದ ಕೇಳಿ ಕಲಿತ ಕಾವ್ಯಗಳನ್ನು ಸಾವಿರಾರು ಪುಟವಾಗುವಷ್ಟು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಅದರಲ್ಲಿ ಕಂಪ್ಲಿಯ ವೀರ ಕುಮಾರರಾಮನ ಕಾವ್ಯವೂ ಇತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರು ಹಾಡಿದ ಕಾವ್ಯಗಳನ್ನು ಅಚ್ಚಿಗೆ ತಂದಿತು, 2003ರಲ್ಲಿ ನಾಡೋಜ ಗೌರವ ನೀಡಿತು. ಅದಕ್ಕೂ ಮುನ್ನ 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತ್ತು. 2014ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಹಾಡಿದ್ದು ಯಾರು ಎಂದು ಇನ್ನು ಐವತ್ತು ವರ್ಷ ಬಿಟ್ಟು ಯಾರೂ ಸಂಶೋಧನೆ ಮಾಡಬೇಕಾಗಿಲ್ಲ, ಅಷ್ಟರ ಮಟ್ಟಿಗೆ ನಾವು ಅದೃಷ್ಟವಂತರು. ಆದರೆ ಬುರ್ರಕಥೆ ಒಬ್ಬರ ಹಾಡಲ್ಲ. ಅದೂ ಒಂದು ತಂಡವೇ. ಈರಮ್ಮನವರು ಒಂದು ಸೊಲ್ಲು ಎತ್ತಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಪಕ್ಕದವರು ಅದನ್ನು ಹಿಡಿದು ಮುಂದಕ್ಕೆ ಒಯ್ಯಬೇಕು, ಇಲ್ಲವಾದರೆ ಕಥೆ ಅಲ್ಲೇ ನಿಲ್ಲುತ್ತದೆ. ಹಾಗೆ ಅವರ ಎಡಬಲದಲ್ಲಿ ನಿಂತವರು ಶಿವಮ್ಮ, ಪಾರ್ವತಮ್ಮ. ಈ ಎರಡು ಹೆಸರನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ.

ನಿಮ್ಮ ಕೈಯಲ್ಲಿರುವ ಫೋನು 1965ರ ಆಬಿ ರಸ್ತೆಯ ಸ್ಟುಡಿಯೊಕ್ಕಿಂತ ಹೆಚ್ಚು ಪಥಗಳಲ್ಲಿ ಧ್ವನಿ ಮುದ್ರಿಸಬಲ್ಲದು. ಅಲ್ಲಿ ಆಗ ಇದ್ದದ್ದು ಒಂದು ಅಂಗುಲ ಅಗಲದ ಟೇಪು, ಅದರ ಮೇಲೆ ನಾಲ್ಕೇ ಪಥ. ನಿಮ್ಮೂರ ಜಾತ್ರೆಯಲ್ಲಿ, ಉರುಸಿನಲ್ಲಿ, ಮೊಹರಂ ಹೆಜ್ಜೆಮೇಳದಲ್ಲಿ, ಸೋಬಾನೆ ಹಾಡುವ ಅಜ್ಜಿಯರ ಪಡಸಾಲೆಯಲ್ಲಿ ಅದನ್ನು ತೆರೆದಿಡುವ ಮೊದಲು ಅವರ ಒಪ್ಪಿಗೆ ಕೇಳಿ. ಯಂತ್ರ ಚಾಲೂ ಆದೊಡನೆ ಊರು, ದಿನಾಂಕ, ಹಾಡುವವರ ಹೆಸರು, ದನಿಗೂಡಿಸುವವರ ಹೆಸರು, ವಾದ್ಯದವರ ಹೆಸರು, ಇಷ್ಟನ್ನೂ ಅವರ ಬಾಯಿಂದಲೇ ಹೇಳಿಸಿ. ಕಾಗದದಲ್ಲಿ ಬರೆದಿಟ್ಟದ್ದು ಕಳೆದುಹೋಗುತ್ತದೆ. ಹಾಡಿನ ಜೊತೆಗೇ ಮುದ್ರಿತವಾದ ಹೆಸರು ಹಾಡು ಇರುವ ತನಕ ಇರುತ್ತದೆ. ಇಪ್ಪತ್ತು ಸೆಕೆಂಡಿನ ಕೆಲಸ.

ಆಯನ ಅಂಗಡಿಯವರು 1993ರಲ್ಲಿ ತೀರಿಕೊಂಡರು. ಪೆಟ್ರೀಶಿಯಾ ಅವರು ಬಹಳ ತಡವಾಗಿ, ಎಪ್ಪತ್ತರ ವಯಸ್ಸಿನಲ್ಲಿ ಕಾದಂಬರಿಗಳನ್ನು ಪ್ರಕಟಿಸಿ ಹೆಸರು ಮಾಡಿದರು. ‘ನಾರ್ವೀಜಿಯನ್ ವುಡ್’ಗೆ ನುಡಿಸಿದ್ದೆಂದು ಹೇಳಲಾದ ಸಿತಾರನ್ನು ಹ್ಯಾರಿಸನ್ 1966ರಲ್ಲೇ ಸ್ನೇಹಿತರೊಬ್ಬರಿಗೆ ಕೊಟ್ಟುಬಿಟ್ಟಿದ್ದರು. 2017ರಲ್ಲಿ ಅದು ಹರಾಜಿಗೆ ಬಂದು 62,500 ಡಾಲರಿಗೆ ಮಾರಾಟವಾಯಿತು.